ದಾರಿಯಲ್ಲಿದ್ದ ಲಾರಿಯನ್ನೂ ಎಣಿಸಿದವನು

ಅಗಲವಾದ ರಸ್ತೆಯಲ್ಲೂ ಅವನು ಅಡ್ಡಡ್ಡ ನಡೆಯುತ್ತಿದ್ದ. ಎಡ ಭುಜ ಮುಂದೆ, ಬಲ ಭುಜ ಹಿಂದೆ, ಹೊಟ್ಟೆಯನ್ನು ಒಳಗೆಳೆದುಕೊಂಡು, ಎದುರಿಗೆ ನಾಲ್ಕು ಲಾರಿ ಹಾಯುವಷ್ಟು ಜಾಗವಿದ್ದರೂ ಎರಡು ಗೋಡೆಗಳ ನಡುವೆ ನುಸುಳುವವನ ಹಾಗೆ. ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ, ಸೂರಿನವರೆಗೆ ಪೇರಿಸಿದ ಪೆಟ್ಟಿಗೆಗಳ ಸಂದಿಯಲ್ಲಿ ಇಪ್ಪತ್ತೆರಡು ವರ್ಷ ಓಡಾಡಿದ ದೇಹ ಅದು. ಬಯಲಿಗೆ ಬಂದರೂ ಅದಕ್ಕೆ ಬಯಲಿನ ನಂಬಿಕೆ ಹುಟ್ಟಲಿಲ್ಲ. ನಾವೆಲ್ಲ ಅವನನ್ನು ಉಗ್ರಾಣಿ ಎನ್ನುತ್ತಿದ್ದೆವು. ಅವನ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು, ಆದರೆ ಅವಳ ಬಾಯಲ್ಲಿ ಅದು ಬೈಗುಳವಾಗಿತ್ತು.

ಅಂಗಡಿಯವರು ಕೊಟ್ಟ ನೀಲಿ ಕೋಟೊಂದು ಅವನ ಮೈಮೇಲೆ ಸದಾ ತೂಗುತ್ತಿತ್ತು. ಒಂದು ಅಳತೆ ದೊಡ್ಡದು, ಬಲ ಜೇಬಿನ ಸುತ್ತ ಸೀಮೆಸುಣ್ಣದ ಬಿಳುಪು. ನನ್ನ ಮಗಳ ಮದುವೆಗೂ ಅದರಲ್ಲೇ ಬಂದ. “ಇವತ್ತಾದ್ರೂ ಬಿಚ್ಚಿಡಯ್ಯಾ ಅದನ್ನ” ಎಂದೆ. “ಒಳಗೆ ಅಂಗಿ ಇದೆ ಅಂತ ಇಟ್ಕೋ, ಆದ್ರೂ ಬೇಡ” ಎಂದ. ‘ಇದೆ ಅಂತ ಇಟ್ಕೋ’ ಎಂಬುದು ಅವನ ಮಾತಿನ ಚಾಳಿ. ಹೆಂಡತಿ ಮನೆಯಲ್ಲಿದ್ದಾಳೇನಯ್ಯಾ ಎಂದರೆ, ಇದ್ದಾಳೆ ಅಂತ ಇಟ್ಕೋ. ಒಳಗಿನಿಂದ ಅವಳ ಕೆಮ್ಮು ಕೇಳಿಸುತ್ತಿದ್ದರೂ ಅಷ್ಟೇ. ‘ಇಲ್ಲ’ ಎಂಬ ಮಾತು ಆ ಬಾಯಿಂದ ಬಿದ್ದದ್ದನ್ನು ನಾನು ಕೇಳಿರಲಿಲ್ಲ.

ನಾನು ಅಂಗಡಿ ನೌಕರರ ಸಂಘದಲ್ಲಿ ನಲವತ್ತು ವರ್ಷ ಘೋಷಣೆ ಕೂಗಿ ಗಂಟಲು ಹಾಳುಮಾಡಿಕೊಂಡವನು. ಉಗ್ರಾಣಿ ಒಂದು ಮುಷ್ಕರಕ್ಕೂ ಬರಲಿಲ್ಲ. ಮನವಿಗೆ ಸಹಿ ಹಾಕಯ್ಯಾ ಎಂದರೆ ಪೆನ್ನು ಮರೆತಿದ್ದೇನೆ ಎನ್ನುತ್ತಿದ್ದ. ಜೇಬಿನಲ್ಲಿ ಮೂರು ಪೆನ್ನು ಕಾಣುತ್ತಿದ್ದವು. ಹಾಗೆಂದು ಅವನ ಮೇಲೆ ಸಿಟ್ಟೂ ಬರುತ್ತಿರಲಿಲ್ಲ. ಒಂದು ಪೆಟ್ಟಿಗೆಯನ್ನೂ ಕದ್ದವನಲ್ಲ, ಯಾರ ಮೇಲೂ ಚಾಡಿ ಹೇಳಿದವನಲ್ಲ.

ಆದರೆ ಅವನೂ ಸಹಿ ಹಾಕುತ್ತಿದ್ದ ಕಾಗದವೊಂದಿತ್ತು. ಭಾರಿ ರಿಯಾಯಿತಿಯ ಜಾಹೀರಾತು ಕೊಡುವವನು ಬರಬಹುದಾದ ಜನರಿಗೆ ಸಾಲುವಷ್ಟು ಮಾಲು ಇಟ್ಟುಕೊಂಡಿರಬೇಕು, ಇಲ್ಲವಾದರೆ ಎಷ್ಟಿದೆಯೆಂದು ಜಾಹೀರಾತಿನಲ್ಲೇ ಹೇಳಬೇಕು ಎಂಬ ನಿಯಮವಿದೆ. ಅದಕ್ಕಾಗಿ ಪ್ರತಿ ಜಾಹೀರಾತಿಗೆ ಮುಂಚೆ ನೆಲಮಾಳಿಗೆಯಿಂದ ಒಂದು ದಾಸ್ತಾನು ಚೀಟಿ ಮ್ಯಾನೇಜರ್ ಕೂರುವ ಮೇಲಿನ ಮಹಡಿಗೆ ಹೋಗಬೇಕು. ಗೋದಾಮಿನವರದ್ದೇ ಒಂದು ರೂಢಿ: ಕೈಯಲ್ಲಿರುವ ಮಾಲಿನ ಜೊತೆ ದಾರಿಯಲ್ಲಿರುವ ಲಾರಿಯ ಮಾಲನ್ನೂ ಸೇರಿಸಿ ಬರೆಯುವುದು. ಲಾರಿ ನಾಳೆಯಲ್ಲದಿದ್ದರೆ ನಾಡಿದ್ದು ಬಂದೇ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಯಾವ ಲಾರಿಯೂ ಅವನ ಚೀಟಿಯನ್ನು ಸುಳ್ಳು ಮಾಡಿರಲಿಲ್ಲ.

ಶಾಲೆಗಳು ತೆರೆಯುವ ಮುಂಚಿನ ಎರಡು ವಾರ ಆ ಅಂಗಡಿಗೆ ಸುಗ್ಗಿ. ಆ ವರ್ಷ ಮೋಟಾರಿನ ಹೊಲಿಗೆ ಯಂತ್ರ ಅರ್ಧ ಬೆಲೆಗೆ ಎಂದು ಪುಟದ ತುಂಬ ಜಾಹೀರಾತು ಬಂತು. ‘ಬೇಕಾದಷ್ಟಿದೆ, ಬನ್ನಿ’ ಎಂಬ ಅಕ್ಷರಗಳು ಅಂಗೈಯಗಲ. ಉಗ್ರಾಣಿಯ ಚೀಟಿಯಲ್ಲಿ ಇನ್ನೂರು ಎಂದಿತ್ತು. ನೆಲಮಾಳಿಗೆಯಲ್ಲಿದ್ದದ್ದು ಒಂಬತ್ತು. ಉಳಿದವನ್ನು ತರಬೇಕಾದ ಲಾರಿ ಹೊರಟೇ ಇರಲಿಲ್ಲ, ಏಕೆಂದರೆ ಮೇಲಿನ ಮಹಡಿಯವರು ಮಾಲಿಗೆ ಬೇಡಿಕೆಯನ್ನೇ ಕಳಿಸಿರಲಿಲ್ಲ. ಅರ್ಧ ಬೆಲೆಯ ಯಂತ್ರ ಜನರನ್ನು ಬಾಗಿಲವರೆಗೆ ಎಳೆಯಲಿಕ್ಕೆ. ಒಳಗೆ ಬಂದವರಿಗೆ ‘ಅದು ಈಗಷ್ಟೇ ಮುಗೀತು’ ಎಂದು ಪಕ್ಕದ ದುಬಾರಿ ಯಂತ್ರವನ್ನು ಕಂತಿನಲ್ಲಿ ಕಟ್ಟಿ ಕಳಿಸುವ ಏರ್ಪಾಡು.

ನನ್ನ ಪಕ್ಕದ ಮನೆಯವಳು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಕಾಲಲ್ಲಿ ತುಳಿಯುವ ಹಳೆಯ ಯಂತ್ರದಲ್ಲಿ ಎಷ್ಟು ಹೊಲಿದರೂ ಕೆಲಸ ಮೋಟಾರಿನವರ ಪಾಲಾಗುತ್ತಿತ್ತು. ಬೆಳಗಿನ ಐದಕ್ಕೇ ಹೋಗಿ ಸಾಲಿನಲ್ಲಿ ನಿಂತಳು. ಒಂಬತ್ತರ ಹೊತ್ತಿಗೆ ಅಲ್ಲಿ ನಾನೂರು ಜನ. ಷಟರ್ ಅರ್ಧ ಎದ್ದಿತು. ಒಳಗೆ ಇರುವುದು ಒಂಬತ್ತೇ ಅಂತೆ ಎಂಬ ಮಾತು ಸಾಲಿನುದ್ದಕ್ಕೂ ಹರಿಯಿತು, ಜನ ನುಗ್ಗಿದರು, ಕಾವಲಿನವರು ಹೆದರಿ ಷಟರನ್ನು ಕೆಳಗೆಳೆದರು. ಅದರಡಿ ಅವಳ ಬಲಗೈಯ ಮೂರು ಬೆರಳು ಸಿಕ್ಕಿಕೊಂಡವು. ಆಸ್ಪತ್ರೆಗೆ ಹೋಗಿ ಆ ಕೈಯನ್ನು ನೋಡಿದೆ. ಲಾಠಿ ತಿಂದ ತಲೆಗಳನ್ನು ನೋಡಿದವನು ನಾನು. ಲಾಠಿ ಬೀಸುವವನಿಗೆ ಒಂದು ಮುಖವಿರುತ್ತದೆ. ಇಲ್ಲಿ ಒಂದು ಜಾಹೀರಾತು, ಒಂದು ಚೀಟಿ, ಒಂದು ತಗಡಿನ ಬಾಗಿಲು, ಅಷ್ಟೇ.

ಆಪರೇಷನ್ ಆದರೆ ಬೆರಳು ಮಡಚಬಹುದು ಎಂದರು ವೈದ್ಯರು. ಗ್ರಾಹಕರ ದೂರು ಕೇಳುವ ಸರ್ಕಾರಿ ಕಚೇರಿಯ ವಿಚಾರಣೆಯಲ್ಲಿ ತಪ್ಪು ಅಂಗಡಿಯದೆಂದು ಸಾಬೀತಾದರೆ ಅದರ ಖರ್ಚು ಅಂಗಡಿಯ ತಲೆಗೆ. ಇಲ್ಲವಾದರೆ ಅವಳ ಕೈ ಹಾಗೆಯೇ. ಅಂಗಡಿಯವರು ಸಲೀಸಾಗಿ ಉಗ್ರಾಣಿಯ ಚೀಟಿಯನ್ನು ಮುಂದಿಟ್ಟರು: ಇನ್ನೂರು ಇದೆಯೆಂದು ನಮ್ಮವನೇ ಬರೆದುಕೊಟ್ಟ, ನಾವು ನಂಬಿದೆವು.

ನಾನು ಅವನ ಮನೆಗೆ ಹೋದೆ. “ಮ್ಯಾನೇಜರ್ ಬಲವಂತ ಮಾಡಿ ಬರೆಸಿದ್ರು ಅಂತ ಹೇಳಿಬಿಡು. ನೀನೂ ಉಳೀತೀಯ, ಅವಳ ಕೈಯೂ ಉಳಿಯುತ್ತೆ.”

“ಹೂಂ ಅಂದೆ ಅಂತ ಇಟ್ಕೋ” ಎಂದ.

ವಿಚಾರಣೆಯ ಕೋಣೆ ಇಕ್ಕಟ್ಟಾಗಿತ್ತು. ಕಡತಗಳ ಬೀರು, ಕಿರುಗುಟ್ಟುವ ಫ್ಯಾನು, ಕನ್ನಡಕವನ್ನು ಹಣೆಗೇರಿಸಿಕೊಂಡ ಅಧಿಕಾರಿಣಿ. ಹೊಲಿಗೆಯವಳು ಹಿಂದಿನ ಬೆಂಚಿನಲ್ಲಿ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಮ್ಯಾನೇಜರ್ ಬಲವಂತ ಮಾಡಿದ್ರಾ?” ಎಂದು ಅಧಿಕಾರಿಣಿ ಕೇಳಿದರು.

“ಇಲ್ಲ ಮೇಡಂ.”

ಅವನ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು ಅಲ್ಲಿ, ಅದೂ ಆ ಹೊತ್ತಿಗೆ. ಎದ್ದು ಅವನ ಕತ್ತಿನ ಪಟ್ಟಿ ಹಿಡಿಯಬೇಕೆನ್ನಿಸಿತು.

“ಚೀಟಿ ಕೊಡು ಅಂದ್ರು, ಕೊಟ್ಟೆ. ಲಾರಿ ದಾರೀಲಿದ್ರೆ ಮಾಲು ಇದೆ ಅಂತ್ಲೇ ಬರಿಯೋದು ನಾವು. ಲಾರಿ ಹೊರಟಿದ್ಯಾ ಅಂತ ಮಾತ್ರ ನಾನು ಕೇಳಲಿಲ್ಲ.”

“ಯಾಕೆ ಕೇಳಲಿಲ್ಲ?”

“ಕೇಳಿದ್ರೆ ಗೊತ್ತಾಗಿಬಿಡೋದು ಮೇಡಂ.”

ಅಧಿಕಾರಿಣಿ ಕನ್ನಡಕವನ್ನು ಕೆಳಗಿಳಿಸಿದರು. “ಆವತ್ತು ಬೆಳಿಗ್ಗೆ?”

“ಏಳು ಗಂಟೆಗೆ ಕೆಳಗಿಳಿದೆ. ಒಂಬತ್ತಿತ್ತು, ಬೇರೆ ಇರಲಿಲ್ಲ. ಹೊರಗೆ ಸಾಲು ನೋಡ್ದೆ. ಮೇಲೆ ಹೋಗಿ ಮ್ಯಾನೇಜರಿಗೆ ಹೇಳ್ದೆ, ಒಂಬತ್ತೇ ಇರೋದು, ಹೊರಗೆ ಹೇಳಿಬಿಡ್ಲಾ ಸಾರ್ ಅಂತ. ಈಗ್ಲೇ ಯಾಕಪ್ಪ, ಕೂತ್ಕೋ, ಟೀ ಕುಡಿ ಅಂದ್ರು.”

“ಆಮೇಲೆ?”

“ಕುಡಿದೆ.”

“ಎಷ್ಟು ಹೊತ್ತು?”

“ಎರಡು ಗಂಟೆ ಕೂತಿದ್ದೆ. ಎರಡನೇ ಲೋಟಾನೂ ಕೊಟ್ರು.”

ಮ್ಯಾನೇಜರ್ ತನ್ನ ವಕೀಲನ ಕಡೆ ನೋಡಿದ, ವಕೀಲ ಮೇಜಿನ ಕಡೆ ನೋಡಿದ. ಷಟರ್ ಏಳುವುದಕ್ಕೆ ಎರಡು ಗಂಟೆ ಮುಂಚೆಯೇ ಮೇಲಿನವರಿಗೆ ತಿಳಿದಿತ್ತೆಂಬುದು ಹಾಗೆ ದಾಖಲೆಗೆ ಬಂತು. ನಾನು ಹೇಳಿಕೊಟ್ಟ ಸುಳ್ಳು ಹೇಳಿದ್ದರೆ ವಕೀಲ ಅದನ್ನು ಐದು ನಿಮಿಷದಲ್ಲಿ ಹರಿದು ಹಾಕುತ್ತಿದ್ದ. ಆದರೆ ನನ್ನನ್ನು ನಡುಗಿಸಿದ್ದು ಅದಲ್ಲ. ಕೆಳಗೆ ನಾನೂರು ಜನ ನಿಂತಿದ್ದಾಗ ಮೇಲೆ ಕೂತು ಟೀ ಕುಡಿದೆನೆಂದು, ಯಾರೂ ಹೊಡೆಯದೆ ಬಡಿಯದೆ, ಯಾರನ್ನೂ ನೆಪ ಮಾಡದೆ, ಒಬ್ಬ ಮನುಷ್ಯ ತನ್ನ ಮೇಲೆ ತಾನೇ ಹೇಳಿಕೊಂಡದ್ದು. ನಲವತ್ತು ವರ್ಷದ ಭಾಷಣಗಳಲ್ಲಿ ನಾನು ಅಂಥ ಒಂದು ವಾಕ್ಯ ಆಡಿಲ್ಲ.

ಹೊರಗೆ ಮೆಟ್ಟಿಲ ಬಳಿ ಹೊಲಿಗೆಯವಳು ಅವನೆದುರು ನಿಂತಳು.

“ಟೀ ಚೆನ್ನಾಗಿತ್ತೇನಣ್ಣ?”

ಅವನು ತಲೆ ಎತ್ತಲಿಲ್ಲ. “ಚೆನ್ನಾಗಿತ್ತು ತಂಗಿ.”

ಅವಳು ಹೋಗಿ ಬಸ್ಸು ಹತ್ತಿದಳು. ಕ್ಷಮೆ ಗಿಮೆ ಏನೂ ನಡೆಯಲಿಲ್ಲ, ನಡೆಯಿತೆಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ತೀರ್ಪು ಅಂಗಡಿಯ ವಿರುದ್ಧ ಬಂತು. ಆಪರೇಷನ್ ಆಯಿತು, ಎರಡು ಬೆರಳು ಮಡಚುತ್ತವೆ, ಮೂರನೆಯದು ಅರ್ಧಕ್ಕೆ ನಿಲ್ಲುತ್ತದೆ. ಬೆಲೆಯನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೋ ಅಷ್ಟೇ ದೊಡ್ಡ ಅಕ್ಷರದಲ್ಲಿ ಎಷ್ಟು ಮಾಲು ಇದೆಯೆಂದೂ ಆ ಅಂಗಡಿಯವರು ಹಾಕಬೇಕೆಂದು ಆದೇಶವಾಯಿತು. ಮ್ಯಾನೇಜರನನ್ನು ಬೇರೆ ಶಾಖೆಗೆ ಕಳಿಸಿದರು. ಉಗ್ರಾಣಿಯನ್ನು ಮನೆಗೆ ಕಳಿಸಿದರು. ನಮ್ಮ ಸಂಘ ಅವನ ಪರವಾಗಿ ಒಂದು ಮನವಿ ಬರೆಯಿತು. ಅದಕ್ಕೆ ಸಹಿ ಕೇಳಲು ಹೋದಾಗ ಓದಿ ನೋಡಿ ವಾಪಸು ಕೊಟ್ಟ. “ಇದರಲ್ಲಿ ನಿರಪರಾಧಿ ಅಂತ ಬರ್ದಿದ್ದೀರಿ. ಅದನ್ನ ತೆಗೀರಿ” ಎಂದ. ಅದನ್ನು ತೆಗೆದರೆ ಮನವಿಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇಂಥವರು ಲೋಕದ ತುಂಬ ಇದ್ದಾರೆ. ಕಳ್ಳರಲ್ಲ, ಕ್ರೂರಿಗಳಲ್ಲ, ಸಂಬಳದ ದಿನ ಮನೆಗೆ ಹಣ್ಣು ಕೊಂಡೊಯ್ಯುವ, ನೆರೆಯವರ ಶವಕ್ಕೆ ಹೆಗಲು ಕೊಡುವ ಜನ. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂಬ ಕಾರಣಕ್ಕೆ ಕೇಳದೆ ಬಿಡುವವರು. ನಾವು ಹೋರಾಟದವರು ಶತ್ರುವನ್ನು ಸದಾ ಮೇಲಿನ ಮಹಡಿಯಲ್ಲಿ ಹುಡುಕಿದೆವು. ಮೇಲಿನವರ ದೊಡ್ಡ ಸುಳ್ಳನ್ನು ಕೆಳಗೆ ನಿಂತು ಹೊತ್ತವರು ಈ ಸಜ್ಜನರೇ ಎಂಬುದನ್ನು ನೋಡಲಿಲ್ಲ. ಉಗ್ರಾಣಿ ಕೊನೆಗಾದರೂ ತನ್ನ ಪಾಲಿನ ಭಾರವನ್ನು ತೋರಿಸಿದ. ಉಳಿದವರು ಅದನ್ನೂ ತೋರಿಸುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಮೇಜಿಗೂ ನಾಳೆ ಒಂದು ಕಾಗದ ಬರುತ್ತದೆ. ಅದನ್ನು ನಂಬಿಕೊಂಡು ಎಲ್ಲೋ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಸಹಿ ಮಾಡುವ ಮುಂಚೆ ಕುರ್ಚಿಯಿಂದೇಳಿ, ಹೋಗಿ, ಕಣ್ಣಾರೆ ನೋಡಿ ಬನ್ನಿ. ಇಲ್ಲದ್ದನ್ನು ಇಲ್ಲವೆಂದು ಬರೆಯಿರಿ. ಬರೆಯಲಾಗದಿದ್ದರೆ ಹೊರಗೆ ಹೋಗಿ, ಸಾಲಿನ ಎದುರು ನಿಂತು, ಬಾಯಿಬಿಟ್ಟು ಹೇಳಿ.