ಹೆಬ್ಬೆರಳಿಗೆ ತಕ್ಕ ಕತ್ತು

ಆನಂದಪ್ಪನ ಎಡಗೈ ಹೆಬ್ಬೆರಳು ಉಳಿದಿತ್ತು, ಆದರೆ ಮಡಚುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಯಶವಂತಪುರದ ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋಗಿತ್ತು. ಡಾಕ್ಟರು ಕತ್ತರಿಸದೆ ಉಳಿಸಿಕೊಟ್ಟರು. ಗೆಣ್ಣು ಮಾತ್ರ ಕೂಡಿಕೊಂಡು ಬೆರಳು ಗೂಟದ ಹಾಗೆ ನೆಟ್ಟಗೆ ನಿಂತಿತು. ಕಾರ್ಖಾನೆಯವರು ಅವನನ್ನು ಯಂತ್ರದ ಮುಂದಿನಿಂದ ಎಬ್ಬಿಸಿ, ಸಲಕರಣೆ ಹಂಚುವ ಕಿಟಕಿಯ ಹಿಂದೆ ಕೂರಿಸಿದರು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಸ್ಪ್ಯಾನರ್ ಎತ್ತಿಕೊಡಲು ಬಲಗೈ ಸಾಕು. ಗಿಟಾರಿಗೆ ಎಡಗೈ ಬೇಕಾಗಿತ್ತು.

ಅದು ಕಲ್ಕತ್ತಾದಿಂದ ಬಂದ ಕೆಂಪು ಬಣ್ಣದ ಕರೆಂಟು ಗಿಟಾರು. ಬ್ಯಾಟರಾಯನಪುರದಲ್ಲಿ ಆ ಕಾಲಕ್ಕೆ, ಅಂದರೆ ೧೯೬೬ರಲ್ಲಿ, ಅಂಥದ್ದು ಇನ್ನೊಂದಿರಲಿಲ್ಲ. ಲಾಲ್ ಸಾಬರ ಆರ್ಕೆಸ್ಟ್ರಾದಲ್ಲಿ ಅವನು ಅದನ್ನು ನುಡಿಸುತ್ತಿದ್ದ. ಹೆಬ್ಬಾಳದಿಂದ ಯಲಹಂಕದವರೆಗೆ ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಅವನು ಗಿಟಾರ್ ಆನಂದಪ್ಪ. ಆ ಹೆಸರು ಬಿಟ್ಟರೆ ಮಾರಕ್ಕನ ಮಗ, ಮೂವತ್ತು ದಾಟಿದರೂ ಮದುವೆಯಾಗದವನು, ಅಷ್ಟೆ.

ಲಾಲ್ ಸಾಬ್ ಅಕಾರ್ಡಿಯನ್ ನುಡಿಸುವವರು. ಒಳ್ಳೆಯವರೇ. ಬೇಸಿಗೆಯಿಡೀ ಕಾದರು. ಗಣೇಶನ ಹಬ್ಬ ಹತ್ತಿರವಾದಾಗ ಬಂದು ಹೇಳಿದರು: "ಭಾನುವಾರ ಬರ್ತೀನಿ ಆನಂದೂ. ನುಡಿಸಿ ತೋರ್ಸು. ಆಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡ. ಟ್ಯಾನರಿ ರೋಡಿನ ಹುಡುಗ ಒಬ್ಬ ಸಿದ್ಧವಾಗವ್ನೆ."

ಗಿಟಾರಿನ ಕತ್ತು, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಮರ, ದಪ್ಪ. ಮಡಚದ ಹೆಬ್ಬೆರಳನ್ನು ಅದರ ಹಿಂದೆ ಕೊಟ್ಟರೆ ಉಳಿದ ಬೆರಳುಗಳು ಮೊದಲ ಎರಡು ತಂತಿಗೆ ಮುಟ್ಟಿ ಅಲ್ಲೇ ನಿಲ್ಲುತ್ತಿದ್ದವು. ಹೆಬ್ಬೆರಳನ್ನು ತೆಳ್ಳಗೆ ಮಾಡಲಾಗುವುದಿಲ್ಲ. ಕತ್ತನ್ನು ಮಾಡಬಹುದು.

ಶನಿವಾರ ಬೆಳಗ್ಗೆ ಜಗಲಿಯ ಮೇಲೆ ಗೋಣಿಚೀಲ ಹಾಸಿ ಕೂತ. ತಂತಿ ಬಿಚ್ಚಿ, ಹಿಂದಿನ ಸ್ಕ್ರೂ ತೆಗೆದು, ಕತ್ತನ್ನು ಒಡಲಿನಿಂದ ಬೇರ್ಪಡಿಸಿದ. ಗಾಜಿನ ಚೂರಿನಿಂದ ವಾರ್ನಿಷ್ ಕೆರೆದ. ಆಮೇಲೆ ಅರ ಹಿಡಿದ. ಇಂಥ ಅಗ್ಗದ ಗಿಟಾರಿನ ಕತ್ತಿನೊಳಗೆ ಉಕ್ಕಿನ ಸರಳು ಇರುವುದಿಲ್ಲ. ಹೆಚ್ಚು ತೆಳ್ಳಗಾದರೆ ತಂತಿಯ ಎಳೆತಕ್ಕೆ ಬಾಗುತ್ತದೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಉಜ್ಜಿದ.

ಮಾರಕ್ಕ ಅಲಸಂದೆಕಾಯಿ ಬಿಡಿಸುತ್ತಾ ನೋಡಿದಳು. "ಗುದ್ದಲಿ ಕಾವು ಕೆತ್ತಿದಂಗೆ ಕೆತ್ತುತಾ ಇದೀಯಲ್ಲೋ. ನಿಮ್ಮಪ್ಪನೂ ಇಂಗೇ, ಕೈಯಲ್ಲಿ ಇಡ್ದು ಇಡ್ದು ನೋಡೋನು."

"ಅಪ್ಪನ್ ಕಾವು ಹಾಡ್ತಿತ್ತೇನಮ್ಮಾ?"

"ಅದ್ರಲ್ಲಿ ಒಲ ಅಗ್ದು ನಿಂಗೆ ಮುದ್ದೆ ಆಕಿದ್ದು ಕಣೋ. ಆಡ್ತಂತೆ ಆಡು!"

ಅವನು ನಕ್ಕ. ಬೆರಳು ಜಜ್ಜಿದ ಮೇಲೆ ಮಗ ನಕ್ಕಿದ್ದು ಕಡಿಮೆ.

ಉಜ್ಜಿದ, ಜೋಡಿಸಿದ, ಹಿಡಿದು ನೋಡಿದ. ಸಾಲದು. ಮತ್ತೆ ಬಿಚ್ಚಿ ಉಜ್ಜಿದ. ಉಪ್ಪುಕಾಗದ ಸವೆದು ಬರೀ ಕಾಗದವಾಯಿತು. ಸಂಜೆಯ ಹೊತ್ತಿಗೆ ತಂತಿ ಬಿಗಿದು ಹಿಡಿದಾಗ ಬೆರಳುಗಳು ಆಚೆಯ ತಂತಿಯವರೆಗೂ ಹೋಗಿ ಕೂತವು. ಮೀಟಿದ. ಸ್ವರಗಳು ಒಟ್ಟಿಗೆ, ಚೊಕ್ಕಟವಾಗಿ ಬಂದವು. ಇನ್ನೊಂದು ಸಲ ಮೀಟಿ ಖಾತ್ರಿ ಮಾಡಿಕೊಂಡ. ಮಾರಕ್ಕ ಒಳಗಿಂದ, "ಬಂತು ಬಂತು!" ಎಂದಳು.

ಒಂದೇ ಒಂದು ತಪ್ಪಾಗಿತ್ತು. ಆತುರದಲ್ಲಿ ಕತ್ತಿನ ಬುಡವನ್ನೂ ಉಜ್ಜಿದ್ದ. ಒಡಲಿನ ಗುಳಿಯಲ್ಲಿ ಅದು ಅಲ್ಲಾಡುತ್ತಿತ್ತು. ಸಣ್ಣ ಕೆಲಸ, ತೆಳುವಾದ ಮರದ ಚಕ್ಕೆ ತುರುಕಿದರೆ ಸರಿ. ಆದರೆ ರಾತ್ರಿ ಪಾಳಿಗೆ ಹೊರಡುವ ಹೊತ್ತಾಗಿತ್ತು. ಮತ್ತೆ ಬಿಚ್ಚಿ, ಕತ್ತನ್ನು ಜಗಲಿಯ ಮೇಲಿಟ್ಟು, ಸೈಕಲ್ ಹತ್ತುತ್ತಾ ಹೇಳಿದ: "ಅದು ಸಡಿಲ ಆಗೈತೆ ಕಣಮ್ಮ, ಕೋಳಿ ಗೀಳಿ ಬೀಳಿಸೀತು ನೋಡ್ಕೋ. ಬೆಳಗ್ಗೆ ಬಂದು ಬಿಗಿ ಮಾಡ್ತೀನಿ."

ಬೆಳಗ್ಗೆ ಬಂದಾಗ ಜಗಲಿ ಖಾಲಿ. ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುವ ಕಲ್ಲುಬಾನಿಯೊಳಗೆ, ತೇಲದಂತೆ ಮೇಲೊಂದು ಕಲ್ಲು ಹೇರಿಸಿಕೊಂಡು, ಗಿಟಾರಿನ ಕತ್ತು ಮುಳುಗಿತ್ತು.

ಮಾರಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಸಡಿಲ ಅಂದ್ಯಲ್ಲ, ನೆನೆ ಆಕ್ದೆ. ಕಾವು ಊದ್ಕೊಂಡ್ರೆ ತಾನೇ ಗುದ್ದಲಿ ಬಿಗಿಯಾಗೋದು? ಈಗ ಆಕಿ ನೋಡು, ಕಚ್ಕೊಂಡು ಕೂತ್ಕತೈತೆ."

ವಾರ್ನಿಷ್ ಇದ್ದಿದ್ದರೆ ಅಷ್ಟು ಕೆಡುತ್ತಿರಲಿಲ್ಲವೋ ಏನೋ. ಬೆತ್ತಲೆ ಮರ ರಾತ್ರಿಯಿಡೀ ನೀರು ಕುಡಿದಿತ್ತು. ಬೆರಳೊತ್ತುವ ಮೇಲಿನ ಪಟ್ಟಿಯ ಗೋಂದು ಕರಗಿ, ಒಂದು ಅಂಚು ಬಾಯಿ ಬಿಟ್ಟಿತ್ತು. ಅವನು ಕತ್ತನ್ನು ಎತ್ತಿಕೊಂಡು ಮಗುವನ್ನು ಒರೆಸಿದಂತೆ ಅಂಗಿಯಿಂದ ಒರೆಸಿದ.

"ತಪ್ಪಾಯ್ತೇನಪ್ಪಾ?"

"ಇಲ್ಲಮ್ಮ. ಒಣಗ್ಲಿ."

ಎರಡು ಹಲಗೆಗಳ ನಡುವೆ ಇಟ್ಟು ಹಗ್ಗ ಸುತ್ತಿದ. ಒರಳುಗುಂಡು ಹೊತ್ತು ತಂದು ಹೇರಿದ. ತಾಳಲಾರದೆ ಘಳಿಗೆಗೊಮ್ಮೆ ಬಿಚ್ಚಿ ನೋಡಿದ. ಬಿಚ್ಚಿದಾಗಲೆಲ್ಲ ಅದು ಇನ್ನಷ್ಟು ತಿರುಚಿಕೊಂಡಿತ್ತು. ಮಧ್ಯಾಹ್ನ ಹಗ್ಗ ಸುತ್ತುವುದನ್ನೂ ಬಿಟ್ಟು ಅದರ ಮುಂದೆ ಸುಮ್ಮನೆ ಕೂತ. ಮಾರಕ್ಕ ತಟ್ಟೆ ತಂದಿಟ್ಟಳು; ನೊಣ ಕೂತಿತು.

ಲಾಲ್ ಸಾಬ್ ಬಂದರು. ಹೆಗಲ ಮೇಲೆ ಇನ್ನೊಂದು ಗಿಟಾರ್. ಹಲಗೆಯ ಮೇಲಿದ್ದುದನ್ನು ನೋಡಿದವರೇ, "ಯಾ ಅಲ್ಲಾ, ಇದೇನಾಯ್ತು?" ಎಂದರು.

"ನೀರು ಬಿತ್ತು. ನಾನೇ ಇಟ್ಟಿದ್ದೆ ಅಲ್ಲಿ," ಎಂದ ಆನಂದಪ್ಪ. ಬಾಗಿಲಲ್ಲಿದ್ದ ಮಾರಕ್ಕ ಅವನ ಮುಖ ನೋಡಿದಳು.

"ಹೋಗ್ಲಿ ಬಿಡು, ಮರ ತಾನೇ. ಇದು ಆ ಟ್ಯಾನರಿ ರೋಡ್ ಹುಡುಗಂದು, ಇದ್ರಲ್ಲೇ ತೋರ್ಸು. ನಂಗೆ ಗಿಟಾರ್ ಬೇಕಿಲ್ಲಯ್ಯ, ನೀನು ಬೇಕು."

ಆನಂದಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡ. ಹೊಳೆಯುವ, ದುಂಡನೆಯ, ದಪ್ಪ ಕತ್ತು. ಬೆರಳುಗಳು ಮೊದಲ ಎರಡು ತಂತಿಗೆ ಮುಟ್ಟಿ ನಿಂತವು. ಮಣಿಕಟ್ಟು ತಿರುಗಿಸಿದ. ಮೊಣಕೈ ಎತ್ತಿದ. ಹಲ್ಲು ಕಚ್ಚಿ ತಳ್ಳಿದ. ಮೀಟಿದಾಗ ಎರಡು ತಂತಿ ನುಡಿದವು, ಉಳಿದವು ಗೊರಗುಟ್ಟಿದವು.

ಲಾಲ್ ಸಾಬ್ ನೆಲ ನೋಡಿದರು. "ಸಾಕು ಬಿಡು, ಆನಂದೂ."

"ಸಾಬ್ರೆ, ಇದನ್ನ ಒಂದು ದಿನ ನನ್ ಹತ್ರ ಬಿಡಿ. ಹಿಂದುಗಡೆ ಸ್ವಲ್ಪ ಉಜ್ತೀನಿ. ಸ್ವಲ್ಪಾನೇ. ನಿನ್ನೆ ಬಂದಿತ್ತು ಸಾಬ್ರೆ, ದೇವ್ರಾಣೆ ಬಂದಿತ್ತು."

"ತಲೆ ಕೆಟ್ಟೈತಾ ನಿಂಗೆ? ಬೇರೆಯವರ ಸಾಮಾನಯ್ಯ. ನಂಬಿ ಕೊಟ್ಟವ್ನೆ."

"ಅವನಿಗೆ ಗೊತ್ತಾಗದ ಹಂಗೆ ವಾರ್ನಿಷ್ ಹೊಡ್ದು ಕೊಡ್ತೀನಿ."

ಲಾಲ್ ಸಾಬ್ ಬಗ್ಗಿ ಗಿಟಾರಿನ ಒಡಲು ಹಿಡಿದರು. ಆನಂದಪ್ಪ ಕತ್ತು ಬಿಡಲಿಲ್ಲ. ಅವರು ಮೆತ್ತಗೆ ಎಳೆದರು. ಅವನು ಬಿಡಲಿಲ್ಲ.

ಮಾರಕ್ಕ ಬಾಗಿಲು ಬಿಟ್ಟು ಅಂಗಳಕ್ಕಿಳಿದಳು. "ಕೊಡಿ ಸಾಬ್ರೆ," ಎಂದಳು. "ಈ ಸಲ ನಾನು ಮುಟ್ಟಾಕಿಲ್ಲ. ನೀರಿನ್ ತಾವ್ಕೇ ವೋಗಾಕಿಲ್ಲ. ಕೊಡಿ ನನ್ ಮಗಂಗೆ."

ಲಾಲ್ ಸಾಬ್ ಅವಳ ಕಡೆ ನೋಡಲಾರದೆ, ಆನಂದಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.