ತಟ್ಟೆಯಡಿಯ ಪಾಲು

"ಅಂಗಿ ಬಿಚ್ಚೋ, ಕಳ್ಳ ಬೋಳಿಮಗನೆ! ಹೋಟ್ಲಿನ ಅಂಗಿ ಅದು, ನಿಮ್ಮಪ್ಪ ಹೊಲಿಸಿ ಕೊಟ್ಟಿದ್ದಲ್ಲ."

ಸಾಹುಕಾರನ ಕೂಗು ಹಾಲ್ ದಾಟಿ, ಎಂಜಲು ತಟ್ಟೆಗಳನ್ನು ಒಳಗೆ ತಳ್ಳುವ ಕಿಂಡಿಯವರೆಗೂ ಬಂತು. ಕಿಂಡಿಯ ಈಚೆ, ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಪಾತ್ರೆ ತೊಳೆಯುತ್ತಿದ್ದವಳು ಬಗ್ಗಿ ನೋಡಿದಳು. ಗಲ್ಲಾದ ಮುಂದೆ ಉದ್ದಣ್ಣ ನಿಂತಿದ್ದ. ಟ್ರೇ ಹೊತ್ತೂ ಹೊತ್ತೂ ಬೆನ್ನು ಬಾಗಿದ ಆ ಮುದುಕ ಸಪ್ಲೈಯರ್‌ಗೆ ಹೆಸರೊಂದೇ ಉದ್ದ ಉಳಿದಿತ್ತು.

"ಬಿಲ್ಲಿನ ದುಡ್ಡು ತಟ್ಟೆ ಕೆಳಗೇ ಇಟ್ಟಿದ್ದೆ ಕಣ್ರೀ, ಗಾಳಿಗೆ ಹಾರದಿರಲಿ ಅಂತ," ಕನ್ನಡಕದ ಗಿರಾಕಿ ಮತ್ತೊಮ್ಮೆ ಹೇಳಿದ. "ಕೈ ತೊಳ್ಕೊಂಡು ಬರೋದ್ರಲ್ಲಿ ಟೇಬಲ್ಲೇ ಖಾಲಿ."

"ಏನೋ, ಸಂಬಳ ಇಲ್ಲ, ಟಿಪ್ಸಲ್ಲೇ ಬದುಕ್ಕೋ ಅಂದ್ರೆ, ಬಿಲ್ಲೂ ಟಿಪ್ಸು ಅನ್ಕೊಂಡ್ಯೇನೋ?"

ಒಂದೆರಡು ಟೇಬಲ್‌ನವರು ನಕ್ಕರು.

ತೊಳೆಯುವವಳ ಕೈ ತನ್ನಷ್ಟಕ್ಕೇ ಸೊಂಟಕ್ಕೆ ಹೋಯಿತು. ಅಲ್ಲಿ ಸಿಕ್ಕಿಸಿಕೊಂಡಿದ್ದ ನೋಟು ಮೈಗೆ ಅಂಟಿಕೊಂಡಿತ್ತು.

ಟಿಪ್ಸು ಹಾಲ್‌ನಲ್ಲಿ ಓಡಾಡುವವರಿಗೆ ಮಾತ್ರ. ತೊಟ್ಟಿಯ ಬಳಿ ನಿಂತವಳ ಮುಖವನ್ನು ಯಾವ ಗಿರಾಕಿಯೂ ಕಂಡಿರಲಿಲ್ಲ. ಆದರೆ ಉದ್ದಣ್ಣ ತನಗೆ ಸಿಕ್ಕಿದ್ದರಲ್ಲಿ ಒಂದು ನಾಣ್ಯವನ್ನು, ಕೆಲವೊಮ್ಮೆ ಮಾಸಿದ ನೋಟೊಂದನ್ನು, ತಟ್ಟೆಯಡಿ ಸಿಕ್ಕಿಸಿ ಕಿಂಡಿಯೊಳಗೆ ತಳ್ಳುತ್ತಿದ್ದ. ಅವಳು ಕೇಳಿದವಳಲ್ಲ, ಅವನು ಹೇಳಿದವನೂ ಅಲ್ಲ. ಇವತ್ತು ಬಂದದ್ದು ದೊಡ್ಡ ನೋಟು. ಮಗಳ ಜ್ವರ ಇಳಿದಿಲ್ಲವೆಂದು ಬೆಳಿಗ್ಗೆ ಅವನಿಗೆ ಹೇಳಿದ್ದಳು. ಅಣ್ಣ ಅದನ್ನು ಮನಸ್ಸಿಗೆ ಹಚ್ಚಿಕೊಂಡನಲ್ಲ ಎಂದು ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿ ಬರಿಸಿಕೊಂಡಿದ್ದಳು.

ಕಣ್ಣು ಮಂಜಾದ ಮುದುಕ ಅಡಿಯಲ್ಲಿ ಏನಿದೆಯೆಂದು ಕಾಣದೆಯೇ ಆ ತಟ್ಟೆಯನ್ನು ತಳ್ಳಿದ್ದ. ಈಗ ಅವನ ತಲೆ ನಿಧಾನವಾಗಿ ಕಿಂಡಿಯತ್ತ ತಿರುಗಿತು. ಅಲ್ಲಿ ಅಲುಗದೆ ನಿಂತಿದ್ದ ಅವಳನ್ನು ನೋಡಿ ಅವನಿಗೆ ಎಲ್ಲ ತಿಳಿಯಿತು.

"ಹೂಂ ಧಣಿ," ಎಂದ. "ನಾನೇ ತಗೊಂಡೆ."

"ಎಲ್ಲೋ ಮತ್ತೆ?"

"ಖರ್ಚಾಯ್ತು."

"ನಿಂತ ಜಾಗದಲ್ಲೇ? ಏನು, ನುಂಗಿದ್ಯಾ?"

ಉದ್ದಣ್ಣ ಅಂಗಿಯ ಗುಂಡಿಗೆ ಕೈ ಹಾಕಿದ.

ಕಿಂಡಿಯ ಒಳಗೆ ಕೆಲಸ ಮಾಡುವವರು ಹಾಲ್‌ಗೆ ಕಾಲಿಡುವಂತಿರಲಿಲ್ಲ. ಗಿರಾಕಿಗಳಿಗೆ ಹೇಸಿಗೆ ಎನ್ನುವುದು ಸಾಹುಕಾರನ ಕಟ್ಟಪ್ಪಣೆ. ಅವಳು ಬಂದಳು. ಕೈಯಿಂದ ಎಂಜಲು ನೀರು ತೊಟ್ಟಿಕ್ಕುತ್ತಿತ್ತು.

"ನೋಟು ನನ್ನ ಹತ್ರ ಇದೆ. ಅಣ್ಣ ಮುಟ್ಟಿಲ್ಲ. ತಟ್ಟೆ ಜೊತೆ ಬಂತು, ನನಗೇ ಕೊಟ್ಟಿದ್ದು ಅನ್ಕೊಂಡೆ."

"ನಿನಗ್ಯಾವ ಮಿಂಡ ಕೊಡ್ತಾನೇ ಇಷ್ಟೊಂದು?"

"ಸುಳ್ಳು ಧಣಿ," ಉದ್ದಣ್ಣ ನಡುವೆ ಬಾಯಿ ಹಾಕಿದ. "ಬಚ್ಚಿಡು ಅಂತ ನಾನೇ ಕೊಟ್ಟಿದ್ದು. ಯಾವ ದುಡ್ಡು ಅಂತ ಅವಳಿಗೆ ಗೊತ್ತಿಲ್ಲ."

"ಯಾಕಣ್ಣ ಹಿಂಗಂತೀಯಾ?"

"ಸುಮ್ನಿರು ತಂಗಿ. ನಿಂಗೆ ಮಗು ಇದೆ."

ಅವಳು ಸೊಂಟದಿಂದ ತೆಗೆದುಕೊಟ್ಟ ನೋಟನ್ನು ಸಾಹುಕಾರ ಎರಡು ಬೆರಳಲ್ಲಿ ಹಿಡಿದು ಗಲ್ಲಾಕ್ಕೆ ಹಾಕಿ, ಉಳಿದ ಚಿಲ್ಲರೆಯನ್ನು ಗಿರಾಕಿಗೆ ಚಾಚಿದ.

"ಇದು ಟಿಪ್ಸಿಗೆ ಅಂತ ಬಿಟ್ಟಿದ್ದೆ," ಎಂದ ಗಿರಾಕಿ. "ನೂರಕ್ಕೆ ಹತ್ತು ಲೆಕ್ಕ. ಅದು ನಾನು ಎಲ್ಲೂ ತಪ್ಪಿಸಲ್ಲ."

"ಕಳ್ಳನಿಗೆಂಥ ಟಿಪ್ಸು ಸಾರ್?"

ಗಿರಾಕಿ ಹೆಂಡತಿಯ ಮುಖ ನೋಡಿದ. "ಅದೂ ಸರೀನೇ," ಎಂದು ಚಿಲ್ಲರೆಯನ್ನು ಜೇಬಿಗೆ ಹಾಕಿಕೊಂಡು ಹೊರಟ.

ಉದ್ದಣ್ಣ ಅಂಗಿಯನ್ನು ಮಡಿಸಿ, ಕಾಲರ್ ನೀವಿ ಗಲ್ಲಾದ ಮೇಲಿಟ್ಟ. ಬನಿಯನ್ನಿನ ತೂತುಗಳಲ್ಲಿ ಪಕ್ಕೆಲುಬು ಕಾಣುತ್ತಿತ್ತು.

ಅವಳು ಖಾಲಿ ಟೇಬಲ್ಲೊಂದರ ಕುರ್ಚಿ ಎಳೆದಳು. "ಕೂತ್ಕೋ ಅಣ್ಣ."

"ಹುಚ್ಚಾ ನಿಂಗೆ?"

"ಕೂತ್ಕೋ ಅಂದೆ. ಹೊತ್ತಾರೆಯಿಂದ ಹೊಟ್ಟೆಗೇನೂ ಹಾಕಿಲ್ಲ ನೀನು. ಉಂಡ್ಕೊಂಡು ಹೋಗು."

ಒಳಗೆ ಅಡುಗೆಯವನು ಏನೂ ಕೇಳಲಿಲ್ಲ. ಅಂಚು ಮುಕ್ಕಾಗದ ತಟ್ಟೆಯೊಂದನ್ನು ಹುಡುಕಿ, ತಳದ ಅನ್ನ ಬಿಟ್ಟು ಮೇಲಿನ ಬಿಸಿ ಅನ್ನ ತೋಡಿ ಬಡಿಸಿದ. ಅವಳು ಅದನ್ನು ಹಾಲ್‌ನ ನಡುವೆ ತಂದಿಟ್ಟಳು.

"ಏಯ್, ಎತ್ತೇ ಅದನ್ನ! ನಿನ್ನನ್ನೂ ಒದ್ದು ಓಡಿಸ್ತೀನಿ!"

"ಓಡ್ಸಿ. ಅಣ್ಣನ ಊಟ ಮುಗೀಲಿ. ಆ ತಟ್ಟೆ ತೊಳೆದಿಟ್ಟೇ ಹೋಗ್ತೀನಿ."

ಸಾಹುಕಾರ ಎದ್ದು ನಿಂತ. ಹಾಲ್ ತುಂಬ ಗಿರಾಕಿಗಳು ನೋಡುತ್ತಿದ್ದುದನ್ನು ಕಂಡು ಮತ್ತೆ ಕೂತ.

ಆ ಟೇಬಲ್ಲುಗಳನ್ನು ಒರೆಸುತ್ತಲೇ ಮುದುಕನಾದವನಿಗೆ, ಅಲ್ಲಿ ಕೂತಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ಟೇಬಲ್ಲಿನ ಅಂಚಿಗಿಟ್ಟ. ಕೊನೆಗೆ ಒಂದು ತುತ್ತು ಎತ್ತಿದ.

"ಏಯ್, ನೀರು!" ಪಕ್ಕದ ಟೇಬಲ್ಲಿನಲ್ಲಿ ಆಗತಾನೆ ಬಂದು ಕೂತ ಯಾರೋ ತಲೆಯೆತ್ತದೆ ಕೂಗಿದರು.

ಮುದುಕ ತುತ್ತು ಬಿಟ್ಟು ಎದ್ದ. ಅವಳು ಭುಜ ಹಿಡಿದು ಕೂರಿಸಿದಳು.

"ನೀರು ಅಂದ್ನಲ್ಲಪ್ಪ, ಕಿವಿ ಕೇಳ್ಸಲ್ವಾ?"

ಅವಳ ಒದ್ದೆ ಅಂಗೈಯ ಕೆಳಗೆ ಆ ಭುಜದ ಮೂಳೆ ಮತ್ತೆ ಮೇಲಕ್ಕೆ ಒತ್ತತೊಡಗಿತು.