ಅರ್ಧ ದಾರಿಯ ಶಿಕ್ಕಾ

"ನೀವೊಂದ ಮಾತ ಹೇಳ್ರಿ ಮಾಸ್ತರ್ರ, ಮುಗದ್ಹೋತು. ನಿಯಾಜ ದೊಡ್ಡಾಂವೋ, ಭೀಮಶ್ಯಾ ದೊಡ್ಡಾಂವೋ?"

ಬಸಣ್ಣ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ ಕೇಳಿದ. ಸಿಂದಗಿಯ ಅವನ ಸೈಕಲ್ ಅಂಗಡಿಗೆ ಈ ಪ್ರಶ್ನೆ ಹೊಸದಲ್ಲ. ಮೂವತ್ತು ವರ್ಷದಿಂದ ಚಹಾದ ಜೊತೆಗೇ ಬರುತ್ತಿತ್ತು. ಈ ಸಲ ಮಾತ್ರ ಅದಕ್ಕೆ ಉತ್ತರ ಬೇಕಾಗಿತ್ತು. ಸಿಂದಗಿಯಿಂದ ಇಂಡಿಯವರೆಗಿನ ಸೈಕಲ್ ಪಂದ್ಯ ನಿಂತುಹೋಗಿ ಎಷ್ಟೋ ವರ್ಷವಾದ ಮೇಲೆ ಮತ್ತೆ ಶುರುವಾಗುವುದಿತ್ತು. ಗೆದ್ದವರಿಗೆ ಕೊಡುವ ಢಾಲಿಗೆ ಹಳೆಯ ಸವಾರನೊಬ್ಬನ ಹೆಸರಿಡಬೇಕೆಂದು ಕಮಿಟಿ ಠರಾಯಿಸಿತ್ತು. ಯಾರ ಹೆಸರು, ಯಾಕೆ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಬೇಕಾದವರು ವೆಂಕಟೇಶ ಮಾಸ್ತರರು. ಪಂದ್ಯದ ಹಳೆಯ ದಫ್ತರವೆಲ್ಲ ಅವರ ಮನೆಯ ಟ್ರಂಕಿನಲ್ಲೇ ಇತ್ತು.

"ನಿಯಾಜಂದು ಗೇರಿನ ಸೈಕಲ್, ಡಾಂಬರ ರಸ್ತೆ. ಒಂದ ತಾಸು ನಲವತ್ತೊಂದ ಮಿನಿಟ," ಎಂದು ಬಸಣ್ಣ ಒದ್ದೆ ಬೆರಳು ಮಡಚಿದ. "ಭೀಮಶ್ಯಾಂದು ಹಾಲಿನವರ ಕಬ್ಬಿಣದ ಸೈಕಲ್, ಅರ್ಧ ದಾರಿ ಬರೇ ಖಡಿ ಕಲ್ಲು. ಒಂದ ತಾಸು ಮೂವತ್ತೆಂಟು. ಅದೂ ಹನ್ನೆರಡ ವರ್ಷ ಮೊದಲ! ಆದ್ರ ಅಂವ ಲಾರಿ ಹಿಡಕೊಂಡ ಹೋಗಿದ್ದ ಅಂತ ರದ್ದ ಮಾಡ್ಯಾರ. ಆ ರದ್ದ ಒಂದ ಇರಲಿಲ್ಲಂದ್ರ ಪಾಪ ಭೀಮಶ್ಯಾನ ಬಿಟ್ಟ ಬ್ಯಾರೆ ಹೆಸರ ಯಾಕ ಹುಡುಕೋಣ?"

"ನಾಳಿಗೆ ಬರದ ಕೊಡ್ತೇನಿ," ಎಂದರು ಮಾಸ್ತರರು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮನೆಗೆ ಬಂದು ದಫ್ತರ ತೆಗೆದರು. ೧೯೭೮ರ ಪುಟ. ಭೀಮಶ್ಯಾ, ಆಲಮೇಲ. ಅವನು ತೆಗೆದುಕೊಂಡ ಹೊತ್ತಿನ ಮುಂದೆ ಕೆಂಪು ಮಸಿಯಲ್ಲಿ 'ರದ್ದು' ಎಂದು ಬರೆದಿತ್ತು. ಅಕ್ಷರ ದುಂಡಗೆ, ಮುದ್ದಾಗಿದ್ದವು. ಅವು ಅವರವೇ ಅಕ್ಷರ. ಸಾಲಿಯಲ್ಲಿ ಆ ಅಕ್ಷರಕ್ಕೆ ಬಹುಮಾನ ಬಂದಿತ್ತು, ಅದಕ್ಕೇ ಪಂದ್ಯದ ಪಂಚರು ಅವರ ಕೈಯಿಂದಲೇ ಬರೆಸಿದ್ದರು.

ಆ ವರ್ಷ ಅವರಿಗೆ ಹದಿನೆಂಟು, ಅವರಪ್ಪ ಸಾಲಿಯ ಮಾಸ್ತರ. ಅರ್ಧ ದಾರಿಯ ಬೇವಿನ ಗಿಡದ ಕೆಳಗೆ ಸಾಲಿಯ ರಬ್ಬರ್ ಶಿಕ್ಕಾ ಮತ್ತು ನೇರಳೆ ಮಸಿಯ ಡಬ್ಬಿ ಹಿಡಿದು ಅವರನ್ನು ನಿಲ್ಲಿಸಿದ್ದರು. ಸವಾರ ಕಾಲೂರಿ ಕೈ ಚಾಚಬೇಕು. ಇವರು ಅವನ ಮುಂಗೈ ಹಿಡಿದು ಶಿಕ್ಕಾ ಒತ್ತಬೇಕು. ಶಿಕ್ಕಾ ಇದ್ದವನು ಪೂರಾ ದಾರಿ ತುಳಿದವನು, ಇಲ್ಲದವನು ಕಳ್ಳ. ಪಂದ್ಯದ ಕಾಯಿದೆ ಅಷ್ಟೇ.

ಎಲ್ಲರಿಗಿಂತ ಮೊದಲು ಬಂದವನು ಭೀಮಶ್ಯಾ. ಅವನ ಹಿಂದೆ ಅರ್ಧ ಮೈಲಿ ದೂರದವರೆಗೆ ರಸ್ತೆ ಖಾಲಿ ಇತ್ತು. ಒಂದು ಕಾಲು ಕಲ್ಲಿನ ಮೇಲಿಟ್ಟು, ಬೆವರು ಇಳಿಯುತ್ತಿದ್ದ ಕೈ ಚಾಚಿ, "ಒತ್ರಿ ಲಗೂನ" ಎಂದ. ವೆಂಕಟೇಶನ ಎಡಗೈ ಮುಂದೆ ಹೋಯಿತು, ನಿಂತಿತು. ಭೀಮಶ್ಯಾ ಊರ ಹೊರಗಿನ ಕೇರಿಯವ; ಆ ಕೇರಿಯವರ ಮೈ ವೆಂಕಟೇಶನ ಮನೆಯಲ್ಲಿ ಯಾರೂ ಮುಟ್ಟಿದ್ದಿಲ್ಲ. ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವೂ ಬಂದಿದ್ದಿಲ್ಲ. "ಹೋಗು ಹೋಗು, ನೋಡೇನಿ ನಿನ್ನ," ಎಂದುಬಿಟ್ಟ. ಭೀಮಶ್ಯಾ ಒಂದು ಗಳಿಗೆ ಚಾಚಿದ ಕೈ ಹಾಗೇ ಹಿಡಿದಿದ್ದು, ಆಮೇಲೆ ತುಳಿಯುತ್ತ ಹೋದ. ಹಿಂದಿನಿಂದ ಬಂದ ಹನ್ನೊಂದು ಮಂದಿಯ ಮುಂಗೈಯನ್ನೂ ವೆಂಕಟೇಶ ಹಿಡಿದ.

ಇಂಡಿಯಲ್ಲಿ ಪಂದ್ಯದ ಪಂಚರು ಭೀಮಶ್ಯಾನ ಕೈ ತಿರುವಿ ನೋಡಿದರು. "ಮಾಸ್ತರ ಮಗಾ ನೋಡ್ಯಾನ್ರಿ, ಕೇಳ್ರಿ ಬೇಕಾದ್ರ," ಎಂದು ಅವನು ಮೂರು ತಾಸು ಅಲ್ಲೇ ಕೂತಿದ್ದ. ವೆಂಕಟೇಶ ಬಂದಾಗ ಕೇಳಿದರು. ನೋಡಿದೆ ಎಂದರೆ, ಶಿಕ್ಕಾ ಯಾಕೆ ಒತ್ತಲಿಲ್ಲ ಎಂದು ಕೇಳುತ್ತಿದ್ದರು. "ನಾ ನೋಡಿಲ್ಲ," ಎಂದ. ಹಾಗಾದರೆ ಅಡ್ಡದಾರಿಯಲ್ಲಿ ಲಾರಿಯ ಸರಪಳಿ ಹಿಡಿದೇ ಬಂದಿರಬೇಕು ಎಂದು ಯಾರೋ ನಕ್ಕರು. ಅಂದಿನಿಂದ ಅವನು ಲಾರಿ ಭೀಮಶ್ಯಾ. ಮುಂದೆ ಅವನು ಯಾವ ಪಂದ್ಯದಲ್ಲೂ ಸೈಕಲ್ ಹತ್ತಲಿಲ್ಲ.

ಮರುದಿನ ಮುಂಜಾನೆ ಮಾಸ್ತರರು ಆಲಮೇಲದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳಲು ನೋಡಿದರು. ನಲವತ್ತು ವರ್ಷ ಸಾಲಿ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ಬಾಯಿಗೆ ನಾಲ್ಕು ಮಾತು ಕೂಡಿ ಬರಲಿಲ್ಲ.

ಭೀಮಶ್ಯಾ ಅಂಗಳದ ಹೊರಸಿನ ಮೇಲೆ ಕೂತು ತೊಗರಿಯಲ್ಲಿ ಕಲ್ಲು ಆರಿಸುತ್ತಿದ್ದ. ಸಕ್ಕರೆ ಕಾರ್ಖಾನೆಯ ವಾಚಮನ್ ಕೆಲಸದಿಂದ ನಿವೃತ್ತನಾಗಿ ವರ್ಷಗಳಾಗಿದ್ದವು. ಆದರೂ ಮೀನಖಂಡ ಇನ್ನೂ ಗಟ್ಟಿಯಾಗಿತ್ತು. ಆಚೆ ಅವನ ಮೊಮ್ಮಗಳು ಸಾಕ್ಷಿ ರೇಸಿಂಗ್ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚೈನು ಒರೆಸುತ್ತಿದ್ದಳು. ವಿಜಯಪುರದ ಕ್ರೀಡಾ ಹಾಸ್ಟೆಲಿನಲ್ಲಿದ್ದಳು, ಸೂಟಿ ಬಿಟ್ಟದ್ದಕ್ಕೆ ಊರಿಗೆ ಬಂದಿದ್ದಳು.

"ಬರ್ರಿ ಮಾಸ್ತರ್ರ, ಕೂಡ್ರಿ," ಎಂದು ಭೀಮಶ್ಯಾ ಹೊರಸಿನ ಮೇಲೆ ಜಾಗ ಮಾಡಿದ. "ಢಾಲಿನ ಸುದ್ದಿ ಕೇಳೇನಿ. ನಿಯಾಜನ ಹೆಸರ ಬರೀರಿ. ಮಳ್ಯಾಗ ಏರು ಹತ್ತೂದು ಅವಂಗಷ್ಟ ಗೊತ್ತಿತ್ತು. ಸೈಕಲ್ ಮ್ಯಾಲೆ ಕೂತದ್ದು ನೋಡಿದ್ರನ ಖುಷಿ ಆಗ್ತಿತ್ತು. ಸತ್ತು ಆರ ವರ್ಷಾತು, ಹೆಸರರೆ ಉಳೀಲಿ."

"ಭೀಮಶ್ಯಾ, ಅವತ್ತು... ನಾ ನಿಮ್ಮನ್ನ ನೋಡಿದ್ದೆ."

ಭೀಮಶ್ಯಾನ ಬೆರಳು ಕಾಳಿನಲ್ಲಿ ನಿಂತವು. "ನನಗ ಯಾಕ ಹೇಳ್ತೀರಿ? ಕೈ ಚಾಚಿದಾಂವ ನಾ. ನನಗ ಗೊತ್ತಿಲ್ಲದ್ದೇನೈತ್ರಿ ಅದರಾಗ?" ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು. "ಹೇಳೂದಿದ್ರ ಅಕೀಗೆ ಹೇಳ್ರಿ. ಹಾಸ್ಟೆಲಿನ್ಯಾಗ ಇಂಡಿ ಕಡೆ ಹುಡುಗ್ರು ಅಕೀಗೆ ಲಾರಿ ಸಾಕ್ಷಿ ಅಂತಾವಂತ. ನಾ ಏನ ಹೇಳಿದ್ರೂ, ಅಜ್ಜ ತನ್ನ ತಾನ ಹೊಗಳಿಕೊಳ್ತಾನ ಅಂತಾಳ."

ಕರೆದಾಗ ಸಾಕ್ಷಿ ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಬಂದಳು. ಮಾಸ್ತರರು ತಲೆ ಎತ್ತದೆ ಹೇಳಿದರು: "ನಿಮ್ಮಜ್ಜ ಲಾರಿ ಹಿಡದಿಲ್ಲ ಯವ್ವಾ. ಎಲ್ಲಾರಕಿಂತ ಮೊದಲ ಬಂದಿದ್ದ. ಶಿಕ್ಕಾ ಒತ್ತಬೇಕಾದಾಂವ ನಾ. ಒತ್ತಲಿಲ್ಲ. ಆಮ್ಯಾಲೆ, ನೋಡೇ ಇಲ್ಲ ಅಂತ ಸುಳ್ಳು ಹೇಳಿದೆ."

"ಯಾಕ ಒತ್ತಲಿಲ್ರಿ ಸರ್?"

ಅವಳು ಸುಮ್ಮನೆ, ತಿಳಿಯಬೇಕೆಂದೇ ಕೇಳಿದ್ದಳು. ಮಾಸ್ತರರ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಗಡಿಬಿಡ್ಯಾಗ... ಮರತೆ."

ಭೀಮಶ್ಯಾ ಮುಖ ಆಚೆ ತಿರುಗಿಸಿ ಮತ್ತೆ ತೊಗರಿಯಲ್ಲಿ ಕೈ ಆಡಿಸತೊಡಗಿದ.

ಸಾಕ್ಷಿಯ ಮುಖ ಅರಳಿತ್ತು. "ಅಷ್ಟನ? ಹೋಗ್ಲಿ ಬಿಡ್ರಿ ಸರ್, ಮರವು ಎಲ್ಲಾರಿಗೂ ಇರ್ತೈತಿ. ಈಗರೆ ಬಂದ ಹೇಳಿದ್ರಲ್ಲ, ಭಾಳ ದೊಡ್ಡವರ್ರಿ ನೀವು!" ಎಂದವಳೇ ಬಗ್ಗಿ ಅವರ ಕಾಲು ಮುಟ್ಟಿದಳು.

ಅವಳ ಬೆರಳ ತುದಿಯ ಗ್ರೀಸು ಅವರ ಪಾದಕ್ಕೆ ಹತ್ತಿತು. ಮಾಸ್ತರರಿಗೆ ಕಾಲು ಹಿಂದೆಳೆದುಕೊಳ್ಳಲೂ ಆಗಲಿಲ್ಲ, ಆಶೀರ್ವದಿಸಲೂ ಆಗಲಿಲ್ಲ. ಬದುಕಿನಲ್ಲಿ ಅಷ್ಟು ಹೇಸಿಗೆ ಅವರಿಗೆ ಯಾರ ಬಗ್ಗೆಯೂ ಆಗಿರಲಿಲ್ಲ. ಈಗ ತಮ್ಮ ಬಗ್ಗೆಯೇ ಆಯಿತು.

"ಇನ್ನೊಮ್ಮೆ ಹೇಳ್ರಿ ಸರ್, ರೆಕಾರ್ಡ್ ಮಾಡ್ತೇನಿ. ಹಾಸ್ಟೆಲ್ ಗ್ರೂಪಿಗೆ ಹಾಕ್ತೇನಿ, ಎಲ್ಲಾರೂ ಕೇಳ್ಲಿ," ಎಂದು ಸಾಕ್ಷಿ ಮೊಬೈಲು ಹಿಡಿದಳು. ಗಾಜಿನ ಮೇಲೆ ಸೆಕೆಂಡುಗಳು ಓಡತೊಡಗಿದವು.

ಮಾಸ್ತರರು ಹೆಸರು ಹೇಳಿದರು, ಊರು ಹೇಳಿದರು, ೧೯೭೮ ಎಂದರು. ಭೀಮಶ್ಯಾ ಎಲ್ಲರಿಗಿಂತ ಮೊದಲು ಬಂದ ಎಂದರು. ಶಿಕ್ಕಾ ಒತ್ತಲಿಲ್ಲ, ಆಮೇಲೆ ಸುಳ್ಳು ಹೇಳಿದೆ ಎಂದರು. ಅಲ್ಲಿಗೆ ನಿಂತರು. ಭೀಮಶ್ಯಾನ ಮೊರದಲ್ಲಿ ಕಾಳಿನ ಸಪ್ಪಳವೂ ನಿಂತಿತು.

"ಮರತಿರಲಿಲ್ಲ ಯವ್ವಾ," ಎಂದರು. "ಒತ್ತಬೇಕಂದ್ರ ಅವರ ಕೈ ಹಿಡೀಬೇಕಾಗಿತ್ತು. ನನಗ ಮುಟ್ಟಲಿಕ್ಕೆ ಮನಸ್ಸಾಗಲಿಲ್ಲ."

ಸಾಕ್ಷಿಯ ನಗು ಯಾವಾಗ ಹೋಯಿತೋ ತಿಳಿಯಲಿಲ್ಲ. ಒಮ್ಮೆ ಅವರ ಪಾದದ ಮೇಲಿನ ಕಪ್ಪು ಕಲೆಯನ್ನು ನೋಡಿದಳು, ಒಮ್ಮೆ ಅಜ್ಜನ ಕೈಯನ್ನು. ಮೊಬೈಲು ಆರಿಸುವುದು ಅವಳಿಗೆ ನೆನಪಾಗಲಿಲ್ಲ. ಗಾಜಿನ ಮೇಲಿನ ಸೆಕೆಂಡುಗಳು ಹಾಗೇ ಓಡುತ್ತಿದ್ದವು.